ವೀಡಿಯೋ ಕ್ರೀಡೆಗಳಲ್ಲಿ ಏಕಮಾತ್ರ ಪರವಾನಗಿ: ಪೈಪೋಟಿಯ ಮೇಲಾದ ಪರಿಣಾಮ

ಒಬ್ಬರ ಒಡೆತನದಲ್ಲಿರುವ ಹೆಸರು, ಲಾಂಛನ ಅಥವಾ ವಿನ್ಯಾಸವನ್ನು ಬಳಸಿ ಸರಕು ತಯಾರಿಸಲು ಮತ್ತೊಬ್ಬರಿಗೆ ನೀಡುವ ಅನುಮತಿಯೇ ಪರವಾನಗಿ. ಪ್ರತಿಯಾಗಿ ಒಡೆಯನಿಗೆ ರಾಯಧನ ಸಲ್ಲುತ್ತದೆ. ಈ ಅನುಮತಿಯನ್ನು ಹಲವರಿಗೆ ನೀಡಬಹುದು; ಒಬ್ಬರಿಗೇ ನೀಡಿ ಉಳಿದವರಿಗೆ ಬಾಗಿಲು ಮುಚ್ಚಲೂಬಹುದು. ವ್ಯವಹಾರದಲ್ಲಿ ಎಕ್ಸ್‌ಕ್ಲೂಸಿವ್ ಲೈಸೆನ್ಸ್ ಎಂದು ಕರೆಯಲಾಗುವ ಈ ಎರಡನೆಯ ಬಗೆಯು ಮಾರುಕಟ್ಟೆಯನ್ನು ಎಷ್ಟು ಶೀಘ್ರವಾಗಿ ಬದಲಿಸಬಲ್ಲದು ಎಂಬುದಕ್ಕೆ ಅಮೆರಿಕದ ವೀಡಿಯೋ ಗೇಮ್ ಉದ್ಯಮದಲ್ಲಿ 2004ರಲ್ಲಿ ನಡೆದ ಪ್ರಸಂಗ ಸ್ಪಷ್ಟ ನಿದರ್ಶನವಾಗಿದೆ. ಮಕ್ಕಳ ಆಟದ ವಿಷಯವೆಂದು ವರ್ತಕರು ಇದನ್ನು ಹಗುರವಾಗಿ ಕಾಣುವಂತಿಲ್ಲ.

ಅಮೆರಿಕನ್ ಫುಟ್‌ಬಾಲ್ ಆಧಾರಿತ ವೀಡಿಯೋ ಆಟಗಳಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ (ಇ.ಎ.) ಸಂಸ್ಥೆಯ 'ಮ್ಯಾಡನ್' ಸರಣಿಯದು ಬಹುಕಾಲದ ಮೇಲುಗೈ. 2004ರ ಜುಲೈನಲ್ಲಿ ಸೆಗಾ ಮತ್ತು ಟೇಕ್-ಟೂ ಸಂಸ್ಥೆಗಳು ತಮ್ಮ ಪ್ರತಿಸ್ಪರ್ಧಿ ಆಟವನ್ನು ಸುಮಾರು 20 ಡಾಲರಿಗೆ ಮಾರುಕಟ್ಟೆಗೆ ಬಿಟ್ಟವು. ಮ್ಯಾಡನ್ ಆಟದ ಬೆಲೆ ಆಗ 50 ಡಾಲರಿನ ಆಸುಪಾಸಿನಲ್ಲಿತ್ತು. ಗುಣಮಟ್ಟದಲ್ಲಿಯೂ ಹೊಸ ಆಟ ಹಿಂದೆ ಬೀಳಲಿಲ್ಲ. ನವೆಂಬರ್ ವೇಳೆಗೆ ಇ.ಎ. ತನ್ನ ಬೆಲೆಯನ್ನು ಸುಮಾರು 30 ಡಾಲರಿಗೆ ಇಳಿಸಬೇಕಾಯಿತು. ಇಲ್ಲಿಯವರೆಗೆ ಪೈಪೋಟಿಯ ಪಾಠಪುಸ್ತಕದಲ್ಲಿ ಇರುವಂತೆಯೇ ಎಲ್ಲವೂ ನಡೆಯಿತು.

ಅದೇ ವರ್ಷದ ಡಿಸೆಂಬರ್ 13ರಂದು ಇ.ಎ. ಸಂಸ್ಥೆಯು ರಾಷ್ಟ್ರೀಯ ಫುಟ್‌ಬಾಲ್ ಲೀಗ್ (ಎನ್.ಎಫ್.ಎಲ್.) ಮತ್ತು ಆಟಗಾರರ ಸಂಘದ ಪರವಾನಗಿ ವಿಭಾಗದೊಡನೆ ಐದು ವರ್ಷಗಳ ಏಕಮಾತ್ರ ಪರವಾನಗಿಯ ಒಪ್ಪಂದವನ್ನು ಪ್ರಕಟಿಸಿತು. ತಂಡಗಳ ಹೆಸರು, ಸಮವಸ್ತ್ರ, ಕ್ರೀಡಾಂಗಣ ಲೀಗಿನ ಸ್ವತ್ತು. ಆಟಗಾರರ ಹೆಸರು, ರೂಪ ಸಂಘದ ಮೂಲಕ ದೊರೆಯುವ ಸ್ವತ್ತು. ಎರಡೂ ಒಬ್ಬರ ಕೈಗೇ ಸೇರಿದ ಮೇಲೆ ಉಳಿದವರು ಫುಟ್‌ಬಾಲ್ ಆಟವನ್ನು ತಯಾರಿಸಬಹುದಿತ್ತು, ಆದರೆ ಗ್ರಾಹಕನಿಗೆ ಬೇಕಾದ ತಂಡವನ್ನು ಅದರಲ್ಲಿ ಇರಿಸುವಂತಿರಲಿಲ್ಲ. ಮರುವರ್ಷದ ಮ್ಯಾಡನ್ ಆವೃತ್ತಿಯ ಬೆಲೆ ಪುನಃ 50 ಡಾಲರಿನ ಮಟ್ಟಕ್ಕೆ ಏರಿತು. ಟೇಕ್-ಟೂ ಸಂಸ್ಥೆಯು 2007ರಲ್ಲಿ ನಿವೃತ್ತ ಆಟಗಾರರ ಹೆಸರಿನಲ್ಲಿ ಒಂದು ಆಟವನ್ನು ಹೊರತಂದಿತಾದರೂ ಅದಕ್ಕೆ ಮುಂದಿನ ಆವೃತ್ತಿ ಬರಲಿಲ್ಲ.

ಪರವಾನಗಿ ನೀಡುವವನ ದೃಷ್ಟಿಯಿಂದ ನೋಡಿದರೆ ಈ ವ್ಯವಸ್ಥೆಗೆ ಕಾರಣಗಳು ಇಲ್ಲದಿಲ್ಲ. ಲೆಕ್ಕ ನೋಡುವುದಕ್ಕೆ, ಗುಣಮಟ್ಟ ಕಾಯುವುದಕ್ಕೆ ಒಬ್ಬನೇ ಪರವಾನಗಿದಾರನಿದ್ದರೆ ಅನುಕೂಲ. ಮಾರಾಟ ಎಷ್ಟೇ ಆಗಲಿ, ಇಂತಿಷ್ಟು ರಾಯಧನ ಖಚಿತವೆಂಬ ಭರವಸೆ ದೊರೆಯುತ್ತದೆ. ತನ್ನ ಹೆಸರಿನ ಸರಕು ಅಗ್ಗದ ದರಕ್ಕೆ ಇಳಿಯುವುದನ್ನು ಯಾವ ಒಡೆಯನೂ ಸಂತೋಷದಿಂದ ನೋಡಲಾರ. ಆದರೆ ಈ ವಾದದಲ್ಲಿ ಮರೆಯಾಗುವ ಒಂದು ಅಂಶವಿದೆ. ಏಕಮಾತ್ರ ಪರವಾನಗಿಯಿಂದ ಪೈಪೋಟಿ ನಾಶವಾಗುವುದಿಲ್ಲ, ಸ್ಥಳಾಂತರಗೊಳ್ಳುತ್ತದೆ. ಅಂಗಡಿಯಲ್ಲಿ ನಿತ್ಯ ನಡೆಯುತ್ತಿದ್ದ ಪೈಪೋಟಿ ಐದು ವರ್ಷಕ್ಕೊಮ್ಮೆ ಒಪ್ಪಂದದ ಮೇಜಿನ ಬಳಿ ನಡೆಯುವ ಪೈಪೋಟಿಯಾಗುತ್ತದೆ. ಮೊದಲನೆಯದರ ಲಾಭ ಕೊಳ್ಳುವವನಿಗೆ; ಎರಡನೆಯದರ ಲಾಭ ಹಕ್ಕಿನ ಒಡೆಯನಿಗೆ. ಸಂತೆಯ ಸುಂಕ ವಸೂಲಿಯನ್ನು ಹರಾಜಿನಲ್ಲಿ ಗುತ್ತಿಗೆ ಹಿಡಿದವನು ತಾನು ಕಟ್ಟಿದ ಹಣವನ್ನು ಸಂತೆಗೆ ಬಂದವರಿಂದಲೇ ಎತ್ತಬೇಕಲ್ಲವೇ? ಇಲ್ಲಿಯೂ ಅದೇ ಲೆಕ್ಕ.

ಬಾಗಿಲ ಹೊರಗೆ ಉಳಿದ ಟೇಕ್-ಟೂ ಸಂಸ್ಥೆಯೂ ಸುಮ್ಮನಿರಲಿಲ್ಲ. 2005ರಲ್ಲಿ ಅದು ಬೇಸ್‌ಬಾಲ್ ಲೀಗಿನೊಡನೆ ಇದೇ ಬಗೆಯ ಒಪ್ಪಂದ ಮಾಡಿಕೊಂಡು ಇ.ಎ. ಸಂಸ್ಥೆಯನ್ನು ಆ ಕ್ಷೇತ್ರದಿಂದ ಹೊರಗಿಟ್ಟಿತು. ಆದರೆ ಸೋನಿಯಂತಹ ಯಂತ್ರ ತಯಾರಕರಿಗೆ ಈ ನಿರ್ಬಂಧ ಅನ್ವಯಿಸುತ್ತಿರಲಿಲ್ಲ. ಸೋನಿಯ ಬೇಸ್‌ಬಾಲ್ ಸರಣಿ ಮುಂದುವರಿಯಿತು. ಟೇಕ್-ಟೂ ಸರಣಿ 2013ರ ಆವೃತ್ತಿಯೊಂದಿಗೆ ನಿಂತುಹೋಯಿತು. ಬ್ಯಾಸ್ಕೆಟ್‌ಬಾಲ್ ಲೀಗ್ ಮಾತ್ರ ಹಲವರಿಗೆ ಪರವಾನಗಿ ನೀಡುವ ಮಾರ್ಗವನ್ನೇ ಹಿಡಿಯಿತು. ಅಲ್ಲಿಯೂ ಕಾಲಕ್ರಮದಲ್ಲಿ ಟೇಕ್-ಟೂ ಸರಣಿಯೊಂದೇ ಪ್ರಬಲವಾಗಿ ಉಳಿಯಿತೆಂಬುದು ನಿಜ. ಆದರೆ ಅದನ್ನು ನಿರ್ಧರಿಸಿದವರು ಕೊಳ್ಳುವವರು, ಒಪ್ಪಂದದ ಷರತ್ತಲ್ಲ.

ಬೆಲೆ ಏರಿಕೆಯ ಪ್ರಶ್ನೆ 2008ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವನ್ನು ತಲುಪಿತು. ಗ್ರಾಹಕರ ಪರವಾಗಿ ಹೂಡಲಾದ ದಾವೆಯಲ್ಲಿ ಇ.ಎ. ತಪ್ಪನ್ನು ಒಪ್ಪಿಕೊಳ್ಳದೆ 2012ರಲ್ಲಿ 2 ಕೋಟಿ 70 ಲಕ್ಷ ಡಾಲರಿನ ರಾಜಿಗೆ ಸಮ್ಮತಿಸಿತು. ಹಳೆಯ ಯಂತ್ರಗಳ ಆಟಕ್ಕೆ ಪ್ರತಿಯೊಂದಕ್ಕೆ 6.79 ಡಾಲರ್, ಹೊಸ ಯಂತ್ರಗಳದ್ದಕ್ಕೆ 1.95 ಡಾಲರ್ ಎಂಬುದು ಪರಿಹಾರದ ದರ. ಕಾಲೇಜು ಫುಟ್‌ಬಾಲಿನ ಪರವಾನಗಿ 2014ರಲ್ಲಿ ಮುಗಿದ ನಂತರ ಐದು ವರ್ಷ ಅದನ್ನು ಏಕಮಾತ್ರವಾಗಿ ಪಡೆಯುವುದಿಲ್ಲವೆಂಬ ಷರತ್ತೂ ಸೇರಿತು. ಆದರೆ ವಿವಾದದ ಮೂಲವಾದ ಎನ್.ಎಫ್.ಎಲ್. ಒಪ್ಪಂದವನ್ನು ಈ ರಾಜಿ ಮುಟ್ಟಲಿಲ್ಲ. 2020ರಲ್ಲಿ ಅದು ಪುನಃ ನವೀಕರಣಗೊಂಡಿತು.

ಸಣ್ಣ ತಯಾರಕರಿಗೆ ಇದಕ್ಕಿಂತ ಹತ್ತಿರವಾದುದು ಟೋಪಿಯ ಪ್ರಕರಣ. ಎನ್.ಎಫ್.ಎಲ್. ತಂಡಗಳ ಲಾಂಛನಗಳ ಪರವಾನಗಿಯನ್ನು 1963ರಲ್ಲಿ ಸ್ಥಾಪಿತವಾದ ಸಾಮೂಹಿಕ ಸಂಸ್ಥೆಯೊಂದು ನೋಡಿಕೊಳ್ಳುತ್ತಿತ್ತು. ಹಲವು ತಯಾರಕರಿಗೆ ಪರವಾನಗಿ ದೊರೆಯುತ್ತಿದ್ದು, ಇಲಿನಾಯ್ ರಾಜ್ಯದ ಅಮೆರಿಕನ್ ನೀಡಲ್ ಎಂಬ ಟೋಪಿ ತಯಾರಿಕಾ ಸಂಸ್ಥೆಯೂ ಅವರಲ್ಲಿ ಒಂದು. 2000ದ ಡಿಸೆಂಬರಿನಲ್ಲಿ ತಂಡಗಳು ಏಕಮಾತ್ರ ಪರವಾನಗಿಗೆ ಮತ ನೀಡಿದವು. ಎಲ್ಲ 32 ತಂಡಗಳ ಟೋಪಿಯ ಹಕ್ಕು ಹತ್ತು ವರ್ಷಗಳಿಗೆ ರೀಬಾಕ್ ಸಂಸ್ಥೆಯ ಪಾಲಾಯಿತು. ಅಮೆರಿಕನ್ ನೀಡಲ್‌ನ ಪರವಾನಗಿ ನವೀಕರಣಗೊಳ್ಳಲಿಲ್ಲ. ಪರರ ಲಾಂಛನ ಹೊತ್ತ ಸರಕಿನ ದಾಸ್ತಾನಿಗೆ ಪರವಾನಗಿಯ ಅವಧಿ ಮುಗಿದ ಮರುದಿನ ಏನು ಬೆಲೆ ಎಂಬುದನ್ನು ಆಸ್ತಿ-ಹೊಣೆ ಪಟ್ಟಿ ತಯಾರಿಸುವವರು ಬಲ್ಲರು. ಉಳಿದ ಸರಕನ್ನು ಮಾರಿ ಮುಗಿಸಲು ಕಾಲಾವಕಾಶದ ಷರತ್ತು ಒಪ್ಪಂದದಲ್ಲಿ ಇರಬೇಕಾದುದು ಇದೇ ಕಾರಣಕ್ಕೆ.

ಆ ಸಂಸ್ಥೆ 1890ರ ಶೆರ್ಮನ್ ಕಾಯಿದೆಯನ್ವಯ ದಾವೆ ಹೂಡಿತು. ತಂಡಗಳೆಲ್ಲ ಸೇರಿ ಒಂದೇ ಘಟಕ, ಆದ್ದರಿಂದ ತಮ್ಮೊಳಗೆ 'ಒಪ್ಪಂದ'ದ ಪ್ರಶ್ನೆಯೇ ಏಳದು ಎಂಬುದು ಲೀಗಿನ ವಾದವಾಗಿತ್ತು. ಕೆಳಗಿನ ಎರಡೂ ನ್ಯಾಯಾಲಯಗಳು ಇದನ್ನು ಒಪ್ಪಿದವು. 2010ರ ಮೇ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. ತಮ್ಮ ತಮ್ಮ ಲಾಂಛನಗಳ ವ್ಯಾಪಾರದಲ್ಲಿ ಪ್ರತಿ ತಂಡವೂ ಸ್ವತಂತ್ರ ವರ್ತಕನೇ ಎಂಬುದು ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ತೀರ್ಪಿನ ತಿರುಳು. ಒಪ್ಪಂದ ಅಕ್ರಮವೆಂದು ನ್ಯಾಯಾಲಯ ಹೇಳಲಿಲ್ಲವೆಂಬುದನ್ನೂ ಗಮನಿಸಬೇಕು. ಅದರ ಸಾಧಕಬಾಧಕಗಳನ್ನು ಕೆಳ ನ್ಯಾಯಾಲಯ ವಿಚಾರಿಸಲಿ ಎಂದಷ್ಟೇ ಆದೇಶಿಸಿತು. ಪ್ರಕರಣ 2015ರಲ್ಲಿ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ರೀಬಾಕ್‌ನ ಅವಧಿಯೇ ಕಳೆದುಹೋಗಿತ್ತು.

ಹೆಸರಿಗಾಗಿ ತೆರುವ ಹಣಕ್ಕೂ ಒಂದು ಮಿತಿಯಿದೆ ಎಂಬುದು ಜಗತ್ತಿನೆಲ್ಲೆಡೆ ಆಡುವ ಕಾಲ್ಚೆಂಡಾಟದ ವಿಷಯದಲ್ಲಿ ಕಂಡುಬಂದಿತು. ಸುಮಾರು ಮೂರು ದಶಕಗಳ ಕಾಲ 'ಫಿಫಾ' ಹೆಸರಿನಲ್ಲಿ ಆಟ ಮಾರಿದ ಇ.ಎ., ಆ ಸಂಬಂಧವನ್ನು ಮುಂದುವರಿಸುವುದಿಲ್ಲವೆಂದು 2022ರಲ್ಲಿ ಪ್ರಕಟಿಸಿ, 2023ರಿಂದ ಬೇರೆ ಹೆಸರಿನಲ್ಲಿ ವ್ಯಾಪಾರ ಮುಂದುವರಿಸಿತು. ಲೀಗುಗಳು, ಕ್ಲಬ್ಬುಗಳು, ಆಟಗಾರರ ಸಂಘಗಳೊಡನೆ ಪ್ರತ್ಯೇಕವಾಗಿ ಮಾಡಿಕೊಂಡಿದ್ದ ಒಪ್ಪಂದಗಳು ಅದರ ಬಳಿ ಉಳಿದಿದ್ದವು. ಹಕ್ಕುಗಳು ಹಲವು ಕೈಗಳಲ್ಲಿ ಹಂಚಿಹೋದಾಗ ಪರವಾನಗಿದಾರನ ಬಲ ಹೆಚ್ಚುತ್ತದೆ, ಎನ್.ಎಫ್.ಎಲ್.ನಂತೆ ಒಂದೇ ಕಡೆ ಕಲೆತಾಗ ಒಡೆಯನ ಬಲ ಹೆಚ್ಚುತ್ತದೆ.

ಏಕಮಾತ್ರ ವಿತರಣೆ ಅಥವಾ ಪರವಾನಗಿಯ ಕರಾರಿಗೆ ಸಹಿ ಹಾಕುವ ನಮ್ಮ ವರ್ತಕರಿಗೆ ಅನ್ವಯಿಸುವುದು 2002ರ ಸ್ಪರ್ಧಾ ಕಾಯಿದೆ. ಇದರ 3 ಮತ್ತು 4ನೇ ಕಲಮುಗಳು 2009ರ ಮೇ 20ರಂದು ಜಾರಿಗೆ ಬಂದವು. 3(4)ನೇ ಉಪಕಲಮಿನಡಿ ಇಂಥ ಕರಾರು ತನ್ನಷ್ಟಕ್ಕೆ ನಿಷಿದ್ಧವಲ್ಲ. ಸ್ಪರ್ಧೆಯ ಮೇಲೆ ಗಣನೀಯ ದುಷ್ಪರಿಣಾಮ ಉಂಟಾದರೆ ಮಾತ್ರ ಆಕ್ಷೇಪಾರ್ಹ. ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ ಮುಂತಾದ ಹಕ್ಕುಗಳ ರಕ್ಷಣೆಗೆ ವಿಧಿಸುವ ಸಮಂಜಸ ಷರತ್ತುಗಳಿಗೆ 3(5)ರಲ್ಲಿ ವಿನಾಯಿತಿಯಿದೆ. 'ಸಮಂಜಸ' ಎಂಬ ಪದದ ಮೇಲೆಯೇ ಎಲ್ಲವೂ ನಿಂತಿದೆ. ಕ್ರಿಕೆಟ್ ಮಂಡಳಿಯ ಪ್ರಕರಣವನ್ನು 4ನೇ ಕಲಮಿನಡಿ ವಿಚಾರಿಸಿದ ಸ್ಪರ್ಧಾ ಆಯೋಗ 2013ರಲ್ಲಿ 52.24 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿ ನ್ಯಾಯಮಂಡಳಿ 2015ರಲ್ಲಿ ಆ ಆದೇಶವನ್ನು ರದ್ದುಪಡಿಸಿದರೂ ಆಯೋಗ 2017ರಲ್ಲಿ ಮರುವಿಚಾರಣೆ ನಡೆಸಿ ಅಷ್ಟೇ ಮೊತ್ತವನ್ನು ಪುನಃ ವಿಧಿಸಿತು. ಆಯೋಗದ ಆಕ್ಷೇಪವಿದ್ದುದು ಐ.ಪಿ.ಎಲ್. ಪ್ರಸಾರದ ಹಕ್ಕಿನ ಮಾರಾಟಕ್ಕಲ್ಲ, ಆ ಒಪ್ಪಂದದಲ್ಲಿ ಪ್ರತಿಸ್ಪರ್ಧಿ ಲೀಗನ್ನು ಹತ್ತು ವರ್ಷ ಮಾನ್ಯ ಮಾಡುವುದಿಲ್ಲವೆಂದು ಮಂಡಳಿ ನೀಡಿದ್ದ ಮಾತಿಗೆ.