ಟಿವ್ಯಾಗ ನಡೀತದೇನ್ರಿ?

ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೊ ತಗೊಳ್ಳಲು ಸ್ಟುಡಿಯೊಕ್ಕೆ ಬಂದವರು ಬಣ್ಣ, ಹಿನ್ನೆಲೆ ಹಾಡುಗಳ ಮಾತೆತ್ತುವ ಮೊದಲೇ ಕೇಳುವುದು ಇದನ್ನು: ‘ಮನಿ ಟಿವ್ಯಾಗ ನಡೀತದೇನ್ರಿ?’ ಅದಕ್ಕೆ ಅರ್ಧ ಉತ್ತರ ಇರುವುದು ಪೆನ್ ಡ್ರೈವನ್ನೋ ಹಾರ್ಡ್ ಡಿಸ್ಕನ್ನೋ ಫಾರ್ಮ್ಯಾಟ್ ಮಾಡುವಾಗ ಕಂಪ್ಯೂಟರ್ ಮುಂದಿಡುವ ಚಿಕ್ಕ ಪಟ್ಟಿಯಲ್ಲಿ. ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್. ಹೆಚ್ಚಿನವರು ಮೊದಲೇ ಆಯ್ಕೆಯಾಗಿ ಕೂತದ್ದನ್ನು ಒಪ್ಪಿ ‘ಸ್ಟಾರ್ಟ್’ ಒತ್ತಿಬಿಡುತ್ತಾರೆ.

ಫೈಲ್ ಸಿಸ್ಟಂ ಅಂದರೆ ಡಿಸ್ಕಿನ ಪಹಣಿ. ಯಾವ ತುಂಡು ಯಾವ ಫೈಲಿಗೆ ಸೇರಿದ್ದು, ಯಾವುದು ಖಾಲಿ ಬಿದ್ದಿದೆ ಎಂಬುದೆಲ್ಲ ಅದರಲ್ಲಿ ದಾಖಲು. ಮೊದಲ ಫ್ಯಾಟ್ ಬರೆದವರು ಮೈಕ್ರೊಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್, 1977ರಲ್ಲಿ. ಬೇಸಿಕ್ ಭಾಷೆಯಲ್ಲಿ ಬರೆದದ್ದನ್ನು ಫ್ಲಾಪಿಯಲ್ಲಿ ಇಟ್ಟುಕೊಳ್ಳಬೇಕಿತ್ತು, ಅಷ್ಟಕ್ಕೆ ಸಾಕಾಗುವ ಕೆಲಸ ಅದು. ಡಿಸ್ಕ್ ಹಿಗ್ಗಿದಂತೆ ಲೆಕ್ಕದ ಕಲಮುಗಳನ್ನೂ ಹಿಗ್ಗಿಸುತ್ತ ಬಂದರು: 12 ಬಿಟ್, 16 ಬಿಟ್, ಕೊನೆಗೆ 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜತೆ ಫ್ಯಾಟ್32.

ಒಂದು ಕಲಮು ಮಾತ್ರ ಡಾಸ್ ಕಾಲದಲ್ಲಿದ್ದಷ್ಟೇ ಉಳಿಯಿತು. ಫೈಲಿನ ಗಾತ್ರ ಬರೆಯಲು 4 ಬೈಟ್ ಜಾಗ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295, ಅಂದರೆ 4 ಜಿಬಿಗೆ ಒಂದೇ ಬೈಟ್ ಕಡಿಮೆ. ಆಗ ಅದು ಎಂದೂ ತುಂಬದ ಕಣಜ. ಈಗ ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ಚಿತ್ರಿಸಿದರೆ ಹನ್ನೊಂದೂವರೆ ನಿಮಿಷಕ್ಕೆ ತುಂಬುತ್ತದೆ. ಹಾಗಾಗಿ ಫ್ಯಾಟ್32 ಕಾರ್ಡಿನಲ್ಲಿ ವಿಡಿಯೊ ತುಂಡುತುಂಡಾಗಿ ಕೂರುತ್ತದೆ. ಮುಹೂರ್ತದ ಗಳಿಗೆಯ ಅಕ್ಕಿಕಾಳು ಒಂದು ಫೈಲಿನಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುವುದುಂಟು. ಸ್ಟುಡಿಯೊದವರು ಎಲ್ಲ ಜೋಡಿಸಿ 5 ಜಿಬಿಯ ಒಂದೇ ಫೈಲ್ ಮಾಡಿದರೆ, 32 ಜಿಬಿಯ ಪೆನ್ ಡ್ರೈವ್ ಪೂರ್ತಿ ಖಾಲಿ ಇದ್ದರೂ ‘ಫೈಲ್ ತೀರಾ ದೊಡ್ಡದು’ ಎಂಬ ಉತ್ತರ. ಗಿರಾಕಿಗೆ ಇದನ್ನು ತಿಳಿಸಿ ಹೇಳುವುದು ವಿಡಿಯೊ ಎಡಿಟ್ ಮಾಡುವುದಕ್ಕಿಂತ ಕಷ್ಟ.

ಇನ್ನೊಂದು ಗೆರೆಯ ಕತೆ ಇದಕ್ಕಿಂತ ಸೊಗಸು. ಫ್ಯಾಟ್32 ಅನ್ನು 2 ಟೆರಾಬೈಟ್ ಡಿಸ್ಕಿನ ಮೇಲೂ ಹಾಕಬಹುದು. ಆದರೆ ವಿಂಡೋಸಿನ ಫಾರ್ಮ್ಯಾಟ್ ಪೆಟ್ಟಿಗೆ 32 ಜಿಬಿ ದಾಟಿದ ಡಿಸ್ಕಿಗೆ ಅದನ್ನು ತೋರಿಸುತ್ತಲೇ ಇರಲಿಲ್ಲ. ಆ ಪೆಟ್ಟಿಗೆಯನ್ನು 1994ರಲ್ಲಿ ಬರೆದ ಡೇವ್ ಪ್ಲಮರ್ ಕಾರಣವನ್ನು ತಾವೇ ಬಿಚ್ಚಿಟ್ಟಿದ್ದಾರೆ: ಸಣ್ಣ ಫೈಲುಗಳಿಂದ ಎಷ್ಟು ಜಾಗ ಪೋಲಾದರೆ ಸಹಿಸಬಹುದು ಎಂದು ಒಂದು ಬೆಳಿಗ್ಗೆ ಅಂದಾಜು ಹಾಕಿ 32ಕ್ಕೆ ನಿಂತರಂತೆ. ಪೆಟ್ಟಿಗೆಯೂ ತಾತ್ಕಾಲಿಕ, ಅಂದಾಜೂ ತಾತ್ಕಾಲಿಕ. 2024ರಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯಲ್ಲಿ ಮಿತಿ 2 ಟೆರಾಬೈಟಿಗೆ ಏರಿತು, ಅದೂ ಆದೇಶ ಟೈಪ್ ಮಾಡುವವರಿಗೆ ಮಾತ್ರ. ನಮ್ಮ ಕಚೇರಿಗಳ ‘ತಾತ್ಕಾಲಿಕ ವ್ಯವಸ್ಥೆ’ಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಎನ್‌ಟಿಎಫ್‌ಎಸ್ 1993ರಲ್ಲೇ ವಿಂಡೋಸ್ ಎನ್‌ಟಿ ಜತೆ ಬಂದಿತ್ತು. ತಾನು ಮಾಡಹೊರಟ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುವುದು ಅದರ ಗುಣ; ನಡುವೆ ಕರೆಂಟ್ ಹೋದರೂ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಆದರೆ ಮ್ಯಾಕ್ ಅದನ್ನು ಓದುತ್ತದಷ್ಟೇ, ತಾನಾಗಿ ಬರೆಯುವುದಿಲ್ಲ. 2006ರ ಎಕ್ಸ್‌ಫ್ಯಾಟ್ ಎರಡೂ ಕಡೆ ಸಲ್ಲುತ್ತದೆ, 4 ಜಿಬಿಯ ಕಾಟವಿಲ್ಲ. ಆದರೆ ದಿನಚರಿಯೂ ಇಲ್ಲ. ಮೈಕ್ರೊಸಾಫ್ಟ್ ಅದರ ವಿವರವನ್ನು ಬಹಿರಂಗ ಮಾಡಿದ್ದು 2019ರ ಆಗಸ್ಟ್‌ನಲ್ಲಿ. ಅದೇ ವರ್ಷ ಲಿನಕ್ಸ್ 5.4 ಅದನ್ನು ಸೇರಿಸಿಕೊಂಡಿತು. ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಕಂಡೊಡನೆ ಮುಖ ತಿರುಗಿಸುವುದಕ್ಕೆ ಅಲ್ಲಿಯವರೆಗಿನ ಲೈಸೆನ್ಸ್ ಬಾಬತ್ತೂ ಒಂದು ಕಾರಣ.

ನನ್ನನ್ನು ಕೇಳಿದರೆ, ವಿಂಡೋಸ್ ಕಂಪ್ಯೂಟರಿನೊಳಗೇ ಇರುವ ಡಿಸ್ಕಿಗೆ ಎನ್‌ಟಿಎಫ್‌ಎಸ್, ಊರೂರು ಸುತ್ತುವ ಡಿಸ್ಕಿಗೆ ಎಕ್ಸ್‌ಫ್ಯಾಟ್, ಅತ್ತೆ ಮನೆಯ ಹಳೇ ಟಿವಿಗೆ ಹೋಗುವ ಪೆನ್ ಡ್ರೈವಿಗೆ ಫ್ಯಾಟ್32. ಡಿಸ್ಕ್ ಯಾರದು ಎಂಬುದಕ್ಕಿಂತ ಅದನ್ನು ಓದುವವರು ಯಾರು ಎಂದು ನೋಡಬೇಕು.

ಲಿನಕ್ಸ್ ಬಳಸುವವರು ಸಾಮಾನ್ಯವಾಗಿ ಆರಿಸುವ ಇಎಕ್ಸ್‌ಟಿ4ನಲ್ಲಿ ಕನ್ನಡಿಗರಿಗೆಂದೇ ಇಟ್ಟಂತಿರುವ ಇನ್ನೊಂದು ಕಲಮಿದೆ. ಫೈಲಿನ ಹೆಸರಿಗೆ 255 ಬೈಟ್. ಇಂಗ್ಲಿಷಿಗೆ ಅಕ್ಷರಕ್ಕೊಂದು ಬೈಟ್. ಕನ್ನಡದ ಪ್ರತಿ ಚಿಹ್ನೆಗೆ, ಅಕ್ಷರವಾಗಲಿ, ಗುಣಿತದ ಗುರುತಾಗಲಿ, ಒತ್ತಕ್ಷರ ಕೂಡಿಸುವ ಹಲಂತವಾಗಲಿ, ಮೂರು. ‘ಧಾರವಾಡ’ ಬರೆದರೆ 18 ಬೈಟ್, ‘ಹುಬ್ಬಳ್ಳಿ’ಗೆ 27. ಎನ್‌ಟಿಎಫ್‌ಎಸ್ ಬೈಟ್ ಎಣಿಸದೆ ಚಿಹ್ನೆ ಎಣಿಸುವುದರಿಂದ ಅಲ್ಲಿ 255 ಕನ್ನಡ ಚಿಹ್ನೆಗಳೂ ಹಿಡಿಸುತ್ತವೆ. ಇಲ್ಲಿ 85ಕ್ಕೇ ಮುಗಿಯಿತು. ಧಾರವಾಡದ ಬೈಠಕ್ಕೊಂದರ ಧ್ವನಿಮುದ್ರಣಕ್ಕೆ ಗಾಯಕರು, ರಾಗ, ತಾಳ, ತಬಲಾ, ಹಾರ್ಮೋನಿಯಂ ಸಾಥಿಗಳು, ತಾರೀಖು ಎಲ್ಲ ಸೇರಿಸಿ ವಿಂಡೋಸಿನಲ್ಲಿ ಕನ್ನಡದ ಹೆಸರಿಟ್ಟವರು ಅದನ್ನು ಲಿನಕ್ಸ್ ಡಿಸ್ಕಿಗೆ ಒಯ್ಯುವಾಗ ಹಾರ್ಮೋನಿಯಂನವರ ಹೆಸರನ್ನು ಕೈಬಿಡಬೇಕಾದೀತು.