ಮೈದಾನಕ್ಕಿಳಿದವರ ತಟ್ಟೆ

ಕಾಫಿ ಕೊಯ್ಲು ಮುಗಿದು, ಹೂಮಳೆಗೆ ಎಲ್ಲರೂ ಆಕಾಶ ನೋಡುವ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಅಟ್ಟದ ಮೇಲಿದ್ದ ಹಾಕಿ ಸ್ಟಿಕ್ಕು ಕೆಳಗಿಳಿಯುತ್ತದೆ. ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಪಾಂಡಂಡ ಕುಟ್ಟಪ್ಪನವರ ಮುತುವರ್ಜಿಯಿಂದ 1997ರಲ್ಲಿ ಕರಡದಲ್ಲಿ ಮೊದಲಾದಾಗ ಬಂದದ್ದು 60 ತಂಡ. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದಾಗ ತಂಡಗಳ ಸಂಖ್ಯೆ 360 ಮುಟ್ಟಿ ಗಿನ್ನೆಸ್ ದಾಖಲೆಯೇ ಆಯಿತು. ಒಂದು ಮನೆತನದ ತಂಡವೆಂದರೆ ಅದರಲ್ಲಿ ಹೈಸ್ಕೂಲು ಹುಡುಗನಿರುತ್ತಾನೆ, ಸೇನೆಯಿಂದ ನಿವೃತ್ತರಾದ ದೊಡ್ಡಪ್ಪ ಇರುತ್ತಾರೆ, ಮನೆಯ ಹೆಣ್ಣುಮಕ್ಕಳು ಇರುತ್ತಾರೆ, ವರ್ಷವಿಡೀ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಬೆಳೆಸಿಕೊಂಡವನೂ ಇರುತ್ತಾನೆ.

ಈ ಕೊನೆಯವನದೇ ಇಲ್ಲಿ ವಿಷಯ. ವಯಸ್ಸು ನಲವತ್ತರ ಆಸುಪಾಸು, ತೂಕ 75 ಕೆಜಿ ಎಂದುಕೊಳ್ಳಿ. ಆರು ವಾರದಲ್ಲಿ ಎಂಟು ಕೆಜಿ ಇಳಿಸಬೇಕೆಂಬ ಪಣ. ಬೆಳಿಗ್ಗೆ ಐದು ಕಿಲೋಮೀಟರ್ ಓಟ, ಸಂಜೆ ಒಂದು ಗಂಟೆ ಹಾಕಿ. ಅದರ ಜೊತೆಗೇ ತಿಂಡಿ ಬಂದ್, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಎರಡು ಚಪಾತಿ. ಮೊದಲ ವಾರ ತೂಕದ ಯಂತ್ರ ಮೂರು ಕೆಜಿ ಕಡಿಮೆ ತೋರಿಸುತ್ತದೆ. ಮನೆಮಂದಿಯೆಲ್ಲ ಶಹಭಾಸ್ ಅನ್ನುತ್ತಾರೆ. ಮೂರನೇ ವಾರಕ್ಕೆ ಮುಳ್ಳು ಅಲುಗುವುದಿಲ್ಲ. ಕಾಲು ಭಾರ, ಮಾತಿಗೆ ಮುಂಚೆ ಸಿಟ್ಟು, ನಡುರಾತ್ರಿ ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು. ನಾಲ್ಕನೇ ವಾರ ತೊಡೆಯ ಹಿಂಬದಿಯ ಸ್ನಾಯು ಹಿಡಿದುಕೊಂಡು, ಹಬ್ಬದ ದಿನ ಆತ ಗ್ಯಾಲರಿಯಲ್ಲಿ ಕುರ್ಚಿ ಹಿಡಿಯುತ್ತಾನೆ.

ಮನಸ್ಸು ಗಟ್ಟಿಯಿರಲಿಲ್ಲ ಎಂದು ಆತ ತನ್ನನ್ನೇ ಬೈದುಕೊಳ್ಳುತ್ತಾನೆ. ನಿಜಕ್ಕೂ ತಪ್ಪಿದ್ದು ಲೆಕ್ಕ.

ಮೊದಲ ವಾರ ಹೋದ ಆ ಮೂರು ಕೆಜಿಯಲ್ಲಿ ಕೊಬ್ಬು ಸ್ವಲ್ಪವೇ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಹಿಟ್ಟಿನಂಥ ದಾಸ್ತಾನು ಸುಮಾರು ಅರ್ಧ ಕೆಜಿಯಷ್ಟು ಇರುತ್ತದೆ. ಅದರ ಪ್ರತಿ ಗ್ರಾಮೂ ಮೂರು ಗ್ರಾಮಿನಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಉಪವಾಸ ಬಿದ್ದಾಗ ಮೊದಲು ಖಾಲಿಯಾಗುವುದು ಈ ಕಣಜ. ನೀರು ಹೋದದ್ದನ್ನು ಬೊಜ್ಜು ಹೋಯಿತೆಂದು ಓದಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಓಡುವ ಕಾಲಿಗೆ ಬೇಕಾದ ಮೊದಲ ಇಂಧನವೂ ಇದೇ ಆದ್ದರಿಂದ ಕಾಲು ಭಾರವಾಗುವುದರಲ್ಲಿ ಸೋಜಿಗವೇನಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಲೆಕ್ಕದ ಪ್ರಕಾರ, ಕೂತು ಕೆಲಸ ಮಾಡುವ 65 ಕೆಜಿ ತೂಕದ ಗಂಡಸಿಗೆ ದಿನಕ್ಕೆ 2110 ಕ್ಯಾಲರಿ ಬೇಕು. ಸಾಧಾರಣ ದುಡಿಮೆಯವನಿಗೆ 2710, ಭಾರೀ ದುಡಿಮೆಯವನಿಗೆ 3470. 55 ಕೆಜಿಯ ಹೆಂಗಸಿಗೆ ಇದೇ ಕ್ರಮದಲ್ಲಿ 1660, 2130, 2720. ನಮ್ಮ ಆಟಗಾರನ ಐದು ಕಿಲೋಮೀಟರ್ ಓಟಕ್ಕೆ ಖರ್ಚಾಗುವುದು 375 ಕ್ಯಾಲರಿಯ ಹತ್ತಿರ, ಅಂದರೆ ನೂರು ಗ್ರಾಂ ಅಕ್ಕಿಗಿಂತ ತುಸು ಹೆಚ್ಚು. ಸಂಜೆಯ ಹಾಕಿಯೂ ಸೇರಿದರೆ ಆತ ಸಾಧಾರಣ ದುಡಿಮೆಯವನ ಸಾಲಿಗೆ ಬಂದಾಯಿತು. ತಿನ್ನುತ್ತಿರುವುದೋ ಸಾವಿರ ಚಿಲ್ಲರೆ. ದಿನಕ್ಕೆ ಮುನ್ನೂರರಿಂದ ಐನೂರು ಕ್ಯಾಲರಿ ಕೊರತೆಯಾದರೆ ದೇಹ ಕೊಬ್ಬು ಕರಗಿಸಿ ಸರಿದೂಗಿಸುತ್ತದೆ. ಸಾವಿರದೈನೂರರ ಕೊರತೆ ಬಿದ್ದರೆ ಅದು ಅಂಗಡಿಯನ್ನೇ ಅರ್ಧ ಮುಚ್ಚಲು ಹೊರಡುತ್ತದೆ.

ಹಾಗೆ ಅರ್ಧ ಮುಚ್ಚುವುದೆಂದರೇನು ಎಂಬುದನ್ನು ಅಮೆರಿಕದಲ್ಲಿ 36 ಯುವಕರು ಮೈಯೊಡ್ಡಿ ತೋರಿಸಿಕೊಟ್ಟರು. ಎರಡನೇ ಮಹಾಯುದ್ಧದ ಕೊನೆಯ ವರ್ಷ. ಯುದ್ಧದಿಂದ ಹಸಿದ ಯುರೋಪಿಗೆ ಮತ್ತೆ ಉಣಿಸುವುದು ಹೇಗೆಂದು ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಒಂದು ಪ್ರಯೋಗ ಹೂಡಿದರು. ಬಂದೂಕು ಹಿಡಿಯಲೊಪ್ಪದ ಈ ಯುವಕರು ತಾವಾಗಿಯೇ ಮುಂದೆ ಬಂದವರು. ಪ್ರಯೋಗಾಲಯ ಇದ್ದದ್ದು ಆಟದ ಸ್ಟೇಡಿಯಂ ಒಂದರ ಮೆಟ್ಟಿಲುಗಳ ಅಡಿಯಲ್ಲಿ. ಆರು ತಿಂಗಳ ಕಾಲ ಆಲೂಗಡ್ಡೆ, ಬ್ರೆಡ್ಡು, ಗೆಡ್ಡೆ-ಗೆಣಸು, ಮ್ಯಾಕರೋನಿ. ದಿನಕ್ಕೆ ಸರಾಸರಿ 1570 ಕ್ಯಾಲರಿ. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ ಕಡ್ಡಾಯ.

ತೂಕದಲ್ಲಿ ಕಾಲು ಭಾಗ ಹೋಯಿತು. ಅದರ ಜೊತೆ ಹೋದದ್ದರ ಪಟ್ಟಿಯೇ ದೊಡ್ಡದು. ಸುಮ್ಮನೆ ಮಲಗಿದ್ದಾಗ ದೇಹ ಉರಿಸುವ ಶಕ್ತಿ ನೂರಕ್ಕೆ ನಲವತ್ತರಷ್ಟು ಕುಸಿಯಿತು, ನಾಡಿ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿ ಹಿಡಿಯಿತು. ಓದುವ ಹುಡುಗರು ಪುಸ್ತಕ ಬಿಟ್ಟು ಅಡುಗೆ ಪುಸ್ತಕ ಹಿಡಿದರು, ತಟ್ಟೆ ನೆಕ್ಕಿದರು, ಚ್ಯೂಯಿಂಗ್ ಗಮ್ಮನ್ನು ಪ್ಯಾಕೆಟ್ಟುಗಟ್ಟಲೆ ಜಗಿದರು. ಅವರು ಮೊದಲೇ ತೆಳ್ಳಗಿದ್ದವರು, ಬೊಜ್ಜಿನ ದಾಸ್ತಾನು ಇರಲಿಲ್ಲ. ಹಾಗಾಗಿ ಹೊಟ್ಟೆಯಿರುವ ನಮ್ಮವನಿಗೆ ಅಷ್ಟೂ ಅನ್ವಯಿಸದು. ಆದರೂ ಒಂದು ಮಾತು ಹೇಳಲೇಬೇಕು. ಇಂದು ಮೊಬೈಲಿನ ಡಯಟ್ ಆ್ಯಪ್‌ಗಳು ಎಷ್ಟೋ ಜನಕ್ಕೆ ಗೊತ್ತುಮಾಡುವ ಗುರಿ 1200, 1500 ಕ್ಯಾಲರಿ. ಕೀಸ್ 1570 ಕ್ಯಾಲರಿಯನ್ನೇ ಅರೆ-ಉಪವಾಸ ಎಂದು ಕರೆದಿದ್ದರು.

ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಕಠಿಣ ವ್ಯಾಯಾಮ ಮತ್ತು ಕಟ್ಟುನಿಟ್ಟಿನ ಪಥ್ಯದಿಂದ ಹತ್ತಾರು ಕೆಜಿ ಇಳಿಸಿದ 14 ಜನರನ್ನು ಆರು ವರ್ಷದ ಬಳಿಕ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಇಳಿದ ತೂಕದ ಬಹುಪಾಲು ಮರಳಿತ್ತು. ಅವರ ದೇಹ ಮಾತ್ರ, ಆ ಗಾತ್ರದವರು ಖರ್ಚು ಮಾಡಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಖರ್ಚು ಮಾಡುತ್ತ ಜಿಪುಣತನದಲ್ಲೇ ಉಳಿದಿತ್ತು.

ಇಷ್ಟು ಹೇಳಿದರೆ ಕೊಡಗಿನ ಹಿರಿಯರು ಗದ್ದೆ ಕಡೆ ಕೈ ತೋರಿಸುತ್ತಾರೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ, ಬೆನ್ನು ಬಗ್ಗಿಸಿ ನಾಟಿ ಮಾಡುತ್ತಿದ್ದ ಕಾಲ. ಆ ತಿಂಗಳ ಊಟವನ್ನು ನೋಡಿ: ನಾಟಿಕೋಳಿ, ಗದ್ದೆಯ ಏಡಿ, ಕಣಿಲೆ, ಕಾಡಿನ ಅಣಬೆ, ಕೆಸುವಿನೆಲೆ, ಬಿಸಿ ಅಕ್ಕಿ ಒಟ್ಟಿ. ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪಿನ ಕಡುನೇರಳೆ ರಸದಲ್ಲಿ ಬೇಯಿಸಿದ ಪಾಯಸ, ಮೇಲೆ ತುಪ್ಪ, ಜೇನು. (ಮರುದಿನ ಮೂತ್ರ ಕೆಂಪಾಗುವುದನ್ನು ಕಂಡು ಹೊಸ ಸೊಸೆಯಂದಿರು ಬೆದರುವುದು ಪ್ರತಿ ವರ್ಷದ ತಮಾಷೆ.) ನಾಟಿಯ ಕೊನೆಗೆ ದೊಡ್ಡ ಗದ್ದೆಯಲ್ಲಿ ನಾಟಿ ಓಟ, ಕೆಸರಿನಲ್ಲಿ ಓಡಿ ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ. ವರ್ಷದಲ್ಲೇ ಹೆಚ್ಚು ದುಡಿಯುವ ತಿಂಗಳಲ್ಲಿ ಹೆಚ್ಚು ಉಣ್ಣುವ ಪದ್ಧತಿ ಅದು. ದುಡಿಮೆಗೆ ಇಳಿಯುವ ದಿನವೇ ತಟ್ಟೆ ಖಾಲಿ ಮಾಡಿ ಎಂದು ಯಾವ ಅಜ್ಜಿಯೂ ಹೇಳಿದ್ದಿಲ್ಲ.

ಗದ್ದೆ ಬಿಟ್ಟ ಮೇಲೆ ಆ ತಟ್ಟೆ ಹಾಗೆಯೇ ಉಳಿದದ್ದೇ ಬೊಜ್ಜಿಗೆ ಕಾರಣ ಎಂಬುದು ಜನಪ್ರಿಯ ವಿವರಣೆ. ಅದರಲ್ಲಿ ಸತ್ಯವಿದೆ, ಆದರೆ ಪೂರ್ತಿಯಲ್ಲ. ಹರ್ಮನ್ ಪಾಂಟ್ಸರ್ ಎಂಬ ಮಾನವಶಾಸ್ತ್ರಜ್ಞ ಟಾಂಜಾನಿಯದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಾಡ್ಜಾ ಜನರ ದಿನದ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರ ಲೆಕ್ಕಕ್ಕೆ ಹಿಡಿದರೆ, ದಿನವಿಡೀ ನಡೆಯುವ ಅವರಿಗೂ ಕಚೇರಿಯಲ್ಲಿ ಕೂರುವ ಅಮೆರಿಕನ್ನರಿಗೂ ಒಟ್ಟು ಖರ್ಚಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದೆ ಎಂಬುದು ಅವರ ವಾದ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ಆದರೆ ಓಟವೊಂದರಿಂದಲೇ ತೂಕ ಇಳಿಯಲಿಲ್ಲ ಎಂದು ಕೊರಗುವವರಿಗೆ ಇದರಲ್ಲಿ ಉತ್ತರವಿದೆ: ವ್ಯಾಯಾಮ ಹೃದಯ, ಸ್ನಾಯು, ಸಕ್ಕರೆ ಪ್ರಮಾಣಕ್ಕೆಲ್ಲ ಒಳ್ಳೆಯದು, ತೂಕ ಇಳಿಸುವುದರಲ್ಲಿ ಮಾತ್ರ ಅದರ ಪಾಲು ನಾವು ಎಣಿಸಿದಷ್ಟಿಲ್ಲ. ಆ ಕೆಲಸ ಹೆಚ್ಚಾಗಿ ತಟ್ಟೆಯದೇ. ಹಾಗೆಂದು ಖಾಲಿ ತಟ್ಟೆಯದಲ್ಲ.

ಅಡ್ಡದಾರಿ ಹುಡುಕುವವರಿಗೆ ಕೊಡಗಿನ ಅಡುಗೆಮನೆಯಲ್ಲೇ ಒಂದು ಸ್ವಾರಸ್ಯವಿದೆ. ಪಂದಿ ಕರಿಗೆ ಕಡೆಯಲ್ಲಿ ಬೀಳುವ ಕಪ್ಪನೆಯ ಕಾಚಂಪುಳಿ ತಯಾರಾಗುವುದು ಗಾರ್ಸೀನಿಯ ಗಮ್ಮಿ-ಗಟ್ಟ ಎಂಬ ಮರದ ಹಣ್ಣಿನ ರಸವನ್ನು ಗಟ್ಟಿಯಾಗುವವರೆಗೆ ಕುದಿಸಿ. ಮಲೆನಾಡಿನವರು ಇದೇ ಮರವನ್ನು ಉಪ್ಪಾಗೆ ಎನ್ನುತ್ತಾರೆ. ಇದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕಟ್ಟುವುದನ್ನು ತಡೆಯುತ್ತದೆಂಬ ನಂಬಿಕೆಯಿಂದ ‘ಗಾರ್ಸೀನಿಯ ಕಾಂಬೋಜಿಯ’ ಹೆಸರಿನ ಮಾತ್ರೆಗಳು ಜಗತ್ತಿನ ತುಂಬ ಮಾರಾಟವಾದವು. ಉತ್ತರ ಕನ್ನಡದ ಕಾಡುಗಳಿಂದ ಉಪ್ಪಾಗೆ ಸಿಪ್ಪೆ ಹಡಗು ಹತ್ತಿತು, ಅದನ್ನು ಒಣಗಿಸಲು ಸೌದೆಗಾಗಿ ಮರಗಳು ಉರುಳಿದವು. 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 135 ಜನರಿಗೆ ಹನ್ನೆರಡು ವಾರ ಒಂದೇ ಬಗೆಯ ಮಿತಾಹಾರ ಕೊಟ್ಟು, ಅರ್ಧ ಜನಕ್ಕೆ ಈ ಸತ್ವ, ಉಳಿದವರಿಗೆ ಏನೂ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಸತ್ವ ನುಂಗಿದವರು ಸರಾಸರಿ 3.2 ಕೆಜಿ ಇಳಿದರು. ಹುಸಿ ಮಾತ್ರೆಯವರು 4.1 ಕೆಜಿ! ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲವೆಂದು ತೀರ್ಮಾನವಾಯಿತು. ಆಮೇಲೆ ಇಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾದವು. ಕಾಚಂಪುಳಿಗೆ ಪಂದಿ ಕರಿಯೇ ಸರಿಯಾದ ಜಾಗ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸೂಕ್ಷ್ಮ. ಅಶ್ವಿನಿ ನಾಚಪ್ಪ, ಎಂ.ಆರ್. ಪೂವಮ್ಮ, ಅಶ್ವಿನಿ ಪೊನ್ನಪ್ಪ, ಜೋಶ್ನಾ ಚಿನ್ನಪ್ಪ ಅವರಂಥ ಆಟಗಾರ್ತಿಯರ ಹೆಸರು ಹೇಳಿ ಮಕ್ಕಳನ್ನು ಮೈದಾನಕ್ಕೆ ಕಳಿಸುವ ನಾಡಿದು. ಕೂಡಿಗೆಯಲ್ಲಿ, ಪೊನ್ನಂಪೇಟೆಯಲ್ಲಿ ಕ್ರೀಡಾ ವಿದ್ಯಾರ್ಥಿಗಳಿಗೆಂದೇ ಶಾಲೆ, ಹಾಸ್ಟೆಲುಗಳಿವೆ. ವ್ಯಾಯಾಮದ ಖರ್ಚು ಕಳೆದ ಮೇಲೆ ಉಳಿದ ದೇಹಕ್ಕೆ ಎಷ್ಟು ಶಕ್ತಿ ಸಿಗುತ್ತದೆ ಎಂಬುದನ್ನು ಕ್ರೀಡಾವೈದ್ಯರು ಈಗ ಅಳೆಯುತ್ತಾರೆ. 60 ಕೆಜಿಯ ಯುವತಿಯ ಮೈಯಲ್ಲಿ 20 ಕೆಜಿ ಕೊಬ್ಬಿದ್ದರೆ ಉಳಿದದ್ದು 40. ಈ ಕೊಬ್ಬಿಲ್ಲದ ಭಾಗದ ಪ್ರತಿ ಕೆಜಿಗೆ ದಿನಕ್ಕೆ 30 ಕ್ಯಾಲರಿಗಿಂತ ಕಡಿಮೆ ಸಿಕ್ಕರೆ ಮುಟ್ಟನ್ನು ನಡೆಸುವ ಹಾರ್ಮೋನುಗಳ ಲಯ ಐದೇ ದಿನದಲ್ಲಿ ಏರುಪೇರಾಗುವುದನ್ನು ಆ್ಯನ್ ಲೌಕ್ಸ್ ಎಂಬ ಸಂಶೋಧಕಿ 2003ರಲ್ಲಿ ತೋರಿಸಿದರು. ಅಂದರೆ ಈ ಹುಡುಗಿಗೆ ಆಟದ ಖರ್ಚು ಬಿಟ್ಟೇ 1200 ಬೇಕು. ಆಟಕ್ಕೆ 300 ಖರ್ಚಾದರೆ ತಿನ್ನಬೇಕಾದದ್ದು ಕನಿಷ್ಠ 1500. ಆಕೆ 1200 ತಿಂದು ಓಡಿದರೆ ದೇಹಕ್ಕೆ ಉಳಿಯುವುದು 900 ಮಾತ್ರ. ಮುಟ್ಟು ತಪ್ಪುವುದು, ಮೂಳೆ ಸವೆದು ಸಣ್ಣ ಬಿರುಕು ಬಿಡುವುದು, ಮೇಲಿಂದ ಮೇಲೆ ಶೀತ, ರಕ್ತಹೀನತೆ ಎಲ್ಲ ಇದರ ಬೆನ್ನಿಗೇ ಬರುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟು, ಗಂಡಸರೂ ಇದಕ್ಕೆ ಹೊರತಲ್ಲ ಎಂದಿತು. ಓಡುತ್ತಿರುವ ಹುಡುಗಿಗೆ ಮೂರು ತಿಂಗಳು ಮುಟ್ಟಾಗದಿದ್ದರೆ, ಆಟ ಆಡುವವರಿಗೆ ಅದೆಲ್ಲ ಮಾಮೂಲು ಎಂದು ಸುಮ್ಮನಿರದೆ ವೈದ್ಯರಲ್ಲಿಗೆ ಹೋಗಬೇಕು.

ಹಾಗಾದರೆ ನಮ್ಮ 75 ಕೆಜಿಯವನು ಏನು ತಿನ್ನಬೇಕು? ಆರು ವಾರಕ್ಕೆ ಎಂಟು ಕೆಜಿಯನ್ನು ಮರೆತು, ಎರಡೂವರೆ ಮೂರಕ್ಕೆ ಒಪ್ಪಿಕೊಳ್ಳುವುದು ಮೊದಲ ಕೆಲಸ. ತಿನ್ನುವುದು ಸುಮಾರು 2300 ಕ್ಯಾಲರಿ. ಕೊಡಗಿನ ಅಡುಗೆ ಇದಕ್ಕೆ ಅಡ್ಡಿಯಲ್ಲ. ನೂಪುಟ್ಟು, ಕಡಂಬುಟ್ಟು ಎರಡೂ ಹಬೆಯಲ್ಲಿ ಬೆಂದವು, ಎಣ್ಣೆಯ ಹಂಗಿಲ್ಲ. ಓಟಕ್ಕೆ ಬೇಕಾದ ಗ್ಲೈಕೋಜನ್ ತುಂಬುವುದು ಈ ಅಕ್ಕಿಯೇ. ತಗ್ಗಿಸಬೇಕಾದದ್ದು ಪಂದಿ ಕರಿಯಲ್ಲಿನ ಕೊಬ್ಬಿನ ತುಂಡು. ಒಂದು ಗ್ರಾಂ ಕೊಬ್ಬಿಗೆ ಒಂಬತ್ತು ಕ್ಯಾಲರಿ, ಅಕ್ಕಿಯ ಪಿಷ್ಟಕ್ಕೆ ನಾಲ್ಕು. ಕೊಬ್ಬು ಕಡಿಮೆಯಿರುವ ತುಂಡು, ಕೋಳಿ, ಮೀನು, ದಿನಕ್ಕೆರಡು ಮೊಟ್ಟೆ ಧಾರಾಳವಾಗಿರಲಿ. ಮಾಂಸ ಮುಟ್ಟದವರಿಗೆ ಹೆಸರುಕಾಳು, ಕಡಲೆ, ಮೊಸರು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 40 ಯುವಕರ ಆಹಾರಕ್ಕೆ ಶೇ 40ರಷ್ಟು ಕತ್ತರಿ ಹಾಕಿ ನಾಲ್ಕು ವಾರ ಕಠಿಣ ವ್ಯಾಯಾಮ ಮಾಡಿಸಿದಾಗ, ಪ್ರೋಟೀನ್ ಹೆಚ್ಚು ತಿಂದವರು 4.8 ಕೆಜಿ ಕೊಬ್ಬು ಕಳೆದುಕೊಂಡೂ ಸ್ನಾಯು ಬೆಳೆಸಿಕೊಂಡರು. ಕಡಿಮೆ ತಿಂದವರು ಇದ್ದ ಸ್ನಾಯು ಉಳಿಸಿಕೊಂಡದ್ದೇ ಹೆಚ್ಚು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು, ತೂಕ ವಿಪರೀತ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಅವರ ಲೆಕ್ಕ ಬೇರೆ.

ಇನ್ನು ದಿನಕ್ಕೆ ಐದಾರು ಲೋಟ ಹಾಲು-ಸಕ್ಕರೆಯ ಕಾಫಿ, ಮದುವೆ ಮನೆಯಲ್ಲಿ ತಿಂದುಂಡ ಮೇಲಿನ ಪೆಗ್ಗು, ಇವನ್ನು ಯಾರೂ ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ತಿಂಡಿ ಬಿಟ್ಟು ಬೀಗುವ ಎಷ್ಟೋ ಜನರ ಉಳಿತಾಯ ಸಂಜೆ ಇಲ್ಲಿಯೇ ಸೋರಿಹೋಗುತ್ತದೆ.

ಈ ಮಾತೆಲ್ಲ ನಡೆಯುವಾಗ ತೋಟದಲ್ಲಿ ಐವತ್ತು ಕೆಜಿಯ ಕಾಫಿ ಮೂಟೆ ಹೊತ್ತು ಏರಿಯೇರುವ ಕಾರ್ಮಿಕನೂ ಇದ್ದಾನೆ. ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ 3470 ಕ್ಯಾಲರಿ ಬರೆದಿರುವುದು ಅವನಂಥವರ ಹೆಸರಿನಲ್ಲಿ. ಲೈನ್ ಮನೆಯ ತಟ್ಟೆಯಲ್ಲಿ ಅಷ್ಟಿದೆಯೇ ಎಂದು ಕೇಳುವ ಆ್ಯಪ್ ಯಾವುದೂ ಇಲ್ಲ.

ಹಾಕಿ ಪಂದ್ಯ ಬೆಳಿಗ್ಗೆ ಹತ್ತಕ್ಕಿದ್ದರೆ ಏಳೂವರೆಯೊಳಗೆ ತಿಂಡಿ ಮುಗಿದಿರಬೇಕು: ಎರಡು ಅಕ್ಕಿ ಒಟ್ಟಿ, ಒಂದು ಮೊಟ್ಟೆ, ಒಂದು ಬಾಳೆಹಣ್ಣು. ಪಂದಿ ಕರಿ ಪಂದ್ಯ ಮುಗಿದ ಮೇಲೆ.