ಕುಂಚದ ತುದಿಯ ಹಿಮಾಲಯ

1947ರಲ್ಲಿ ತೆರೆಕಂಡ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ ನಮ್ಮ ಸಾಬು ಇದ್ದಾನೆ. ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. 1937ರ ‘ಎಲಿಫೆಂಟ್ ಬಾಯ್’ನಿಂದ ಜಗತ್ತಿಗೆ ಪರಿಚಿತನಾದವನು. ಇಲ್ಲಿ ಅವನು ಹಿಮಾಲಯದ ಯುವ ಜನರಲ್, ಮೈತುಂಬ ಜರತಾರಿ. ಆದರೆ ಚಿತ್ರೀಕರಣಕ್ಕೆಂದು ತಂಡ ಭಾರತದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಹೆಚ್ಚಿನ ಕೆಲಸವೆಲ್ಲ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲೇ ನಡೆಯಿತು.

ಹಾಗಾದರೆ ಆ ಹಿಮಶಿಖರಗಳು? ಕೆಲವು ದೊಡ್ಡದು ಮಾಡಿ ಬಣ್ಣ ಹಚ್ಚಿದ ಫೋಟೊಗಳು. ಉಳಿದವು, ಅದರಲ್ಲೂ ಎದೆ ಝಲ್ಲೆನಿಸುವ ದೃಶ್ಯಗಳು, ಚಿತ್ರಕಾರ ಪರ್ಸಿ ಡೇ ಮತ್ತವರ ಸಂಗಡಿಗರ ಕುಂಚದಿಂದ ಬಂದವು. ಪ್ರಪಾತದ ಅಂಚಿನಲ್ಲಿ ಸನ್ಯಾಸಿನಿ ಗಂಟೆ ಬಾರಿಸುವ ದೃಶ್ಯವನ್ನೇ ನೋಡಿ. ಗಂಟೆ, ಹಗ್ಗ, ಒಂದಿಷ್ಟು ಕಟ್ಟೆ ಇವಿಷ್ಟೇ ನಿಜ. ಕೆಳಗೆ ಬಾಯ್ದೆರೆದ ಕಣಿವೆ ಬರೀ ಬಣ್ಣ. ಗೊತ್ತಿದ್ದೂ ನೋಡುವಾಗ ಕಾಲು ನಡುಗುತ್ತದೆ. ನಿಜವಾದ ಹಿಮಾಲಯಕ್ಕೇ ಹೋಗಿ ಚಿತ್ರೀಕರಿಸಿದ್ದರೆ ಚಿತ್ರದ ಸನ್ಯಾಸಿನಿಯರ ಮನಸ್ಸು ಕದಡಿದ್ದು ಇಷ್ಟು ಚೆನ್ನಾಗಿ ಮುಟ್ಟುತ್ತಿತ್ತೇ ಎಂಬ ಅನುಮಾನ ನನಗಿದೆ. ಆ ಬೆಟ್ಟ ಕತೆಗೆ ಬೇಕಾದ ಬೆಟ್ಟ.

ಹೀಗೆ ನಿಜಕ್ಕೆ ಬಣ್ಣದ ಚಿತ್ರವನ್ನು ಬೆಸೆಯುವುದೇ ಮ್ಯಾಟ್ ಪೇಂಟಿಂಗ್. ಇದರ ಆರಂಭ ಅಮೆರಿಕದ ನಾರ್ಮನ್ ಡಾನ್ ಅವರಿಂದ ಎನ್ನುತ್ತಾರೆ. 1907ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಚರ್ಚುಗಳನ್ನು ಚಿತ್ರೀಕರಿಸುವಾಗ ಅವರು ಕ್ಯಾಮೆರಾ ಮುಂದೆ ಗಾಜು ನಿಲ್ಲಿಸಿ, ಕುಸಿದುಹೋದ ಭಾಗಗಳನ್ನು ಅದರ ಮೇಲೆ ಬರೆದರು. ಗಾಜಿನ ಮೂಲಕ ನೋಡಿದರೆ ಪಾಳುಗೋಡೆಗೆ ಮಾಡು ಕೂತಿತ್ತು.

ಮುಂದೆ ಬಂದ ವಿಧಾನಕ್ಕೆ ಎಂಟೆದೆ ಬೇಕಿತ್ತು. ಮೊದಲು ಚೌಕಟ್ಟಿನ ಒಂದು ಭಾಗವನ್ನು ಕಪ್ಪಾಗಿ ಮುಚ್ಚಿ, ಉಳಿದ ಜಾಗದಲ್ಲಿ ನಟರ ಅಭಿನಯವನ್ನು ಸೆರೆಹಿಡಿಯುವುದು. ಆ ಫಿಲಂ ಅನ್ನು ಸಂಸ್ಕರಿಸದೆ ಹಾಗೇ ಎತ್ತಿಡುವುದು. ಅದರ ಒಂದು ತುಣುಕನ್ನು ಮಾತ್ರ ಕತ್ತರಿಸಿ ತೊಳೆದು, ಅದಕ್ಕೆ ಗೆರೆಗೆ ಗೆರೆ ಕೂಡುವಂತೆ ಚಿತ್ರ ಬರೆಯುವುದು. ಬಣ್ಣ, ಬೆಳಕು ತಾಳೆಯಾಗುವವರೆಗೆ ಅಂಥ ತುಣುಕುಗಳ ಮೇಲೆ ಪರೀಕ್ಷೆ. ಕೊನೆಗೆ ಎತ್ತಿಟ್ಟ ಫಿಲಂ ಅನ್ನು ಹಿಂದಕ್ಕೆ ಸುತ್ತಿ, ಮುಚ್ಚಿದ್ದ ಭಾಗಕ್ಕೆ ಚಿತ್ರವನ್ನು ಸೇರಿಸುವುದು. ಇಲ್ಲಿ ತಪ್ಪಿದರೆ ನಟರ ಅಭಿನಯವೂ ಹೋದಂತೆ. ಅಷ್ಟು ಪಾಡು ಯಾಕೆಂದರೆ ಎರಡೂ ಮೂಲ ನೆಗೆಟಿವ್‌ನಲ್ಲೇ ಕೂಡುತ್ತವೆ. ಪ್ರತಿಯ ಪ್ರತಿ ತೆಗೆದಾಗ ಬರುವ ಮಬ್ಬು ಇಲ್ಲಿಲ್ಲ.

ಈ ವಿಧಾನದ ಗಟ್ಟಿಗ ಆಲ್ಬರ್ಟ್ ವಿಟ್ಲಾಕ್. ಅವರ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಒರಟು ಗೀಚುಗಳಂತೆ ಕಾಣುತ್ತವಂತೆ. ಇಟ್ಟಿಗೆ ಇಟ್ಟಿಗೆಯನ್ನೂ ತಿದ್ದಿ ಬರೆದರೆ ತೆರೆಯ ಮೇಲೆ ಅದು ಚಿತ್ರವೆಂದೇ ಗೊತ್ತಾಗಿಬಿಡುತ್ತದೆ. ಕ್ಯಾಮೆರಾಕ್ಕೆ ಬೇಕಾದ್ದು ಬೆಳಕಿನ ನಡವಳಿಕೆ. ಹಿಚ್‌ಕಾಕ್‌ರ ‘ದಿ ಬರ್ಡ್ಸ್’ನಲ್ಲಿ ಹಕ್ಕಿಗಳ ಕಣ್ಣಿನಿಂದ ಕಾಣುವ, ಹೊತ್ತಿ ಉರಿಯುವ ಊರಿನ ಬಹುಭಾಗ ಅವರದೇ. ‘ಅರ್ತ್‌ಕ್ವೇಕ್’, ‘ದಿ ಹಿಂಡೆನ್‌ಬರ್ಗ್’ ಚಿತ್ರಗಳಿಗಾಗಿ ಆಸ್ಕರ್ ಕೂಡ ಬಂತು. ಪರ್ಸಿ ಡೇ ಅವರ ಮಲಮಗ ಪೀಟರ್ ಎಲೆನ್‌ಶಾ ‘ಮೇರಿ ಪಾಪಿನ್ಸ್’ಗೆ ಇಡೀ ಲಂಡನ್ನನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತು ಬರೆದು ಆಸ್ಕರ್ ಪಡೆದರು. ಪ್ರೇಕ್ಷಕರಿಗೆ ಮಾತ್ರ ಇವರ ಹೆಸರು ತಿಳಿಯಲಿಲ್ಲ. ಕೆಲಸ ಚೆನ್ನಾಗಿದ್ದಷ್ಟೂ ಕೆಲಸಗಾರ ಮರೆಯಾಗುವ ಕಸುಬು ಇದು.

1990ರ ಹೊತ್ತಿಗೆ ಕಂಪ್ಯೂಟರ್ ಬಂತು. ಆ ವರ್ಷವೇ ಮಾರುಕಟ್ಟೆಗೆ ಬಂದ ಫೋಟೊಶಾಪ್ ಅನ್ನು ರೂಪಿಸಿದ ಸೋದರರಲ್ಲಿ ಒಬ್ಬರಾದ ಜಾನ್ ನೋಲ್ ಸಿನಿಮಾ ಎಫೆಕ್ಟ್ಸ್ ಕಂಪನಿಯಲ್ಲೇ ಇದ್ದವರು. ದಶಕ ಮುಗಿಯುವಷ್ಟರಲ್ಲಿ ಗಾಜು, ಎಣ್ಣೆಬಣ್ಣ ಮೂಲೆ ಸೇರಿದವು. ಈಗ ಚಿತ್ರವನ್ನು ಮೂರು ಆಯಾಮದ ಆಕೃತಿಗಳ ಮೇಲೆ ಹೊದಿಸಿ ಕ್ಯಾಮೆರಾವನ್ನು ಅದರೊಳಗೇ ಓಡಾಡಿಸುತ್ತಾರೆ. ಹೆಸರು ಮಾತ್ರ ಅದೇ, ಮ್ಯಾಟ್ ಪೇಂಟಿಂಗ್.

ಹಳೆಯ ಚಿತ್ರಗಳಲ್ಲಿ ಇದನ್ನು ಪತ್ತೆಹಚ್ಚಬೇಕೆನಿಸಿದರೆ ಕ್ಯಾಮೆರಾ ಅಲುಗದೆ ನಿಂತ ವಿಶಾಲ ದೃಶ್ಯಗಳನ್ನು ಹುಡುಕಿ. ಜನರ ಓಡಾಟ ಸಣ್ಣ ಜಾಗಕ್ಕೇ ಸೀಮಿತವಾಗಿದೆಯೇ ನೋಡಿ. ಬೆಸುಗೆಯ ಗೆರೆ ಹೆಚ್ಚಾಗಿ ಸೂರಿನ ಅಂಚಿನಲ್ಲೋ ಗೋಡೆಯ ನೆತ್ತಿಯಲ್ಲೋ ಅಡಗಿರುತ್ತದೆ.